ಚಿಕ್ಕಮ್ಮನ ಮನೆಯ ಅಬ್ಬಿ ನೀರಿನ ಪೈಪು

ಚಿಕ್ಕಮ್ಮಾ, ಈಗ ತಾನೇ ತೋಟದಿಂದ ಬಂದು ನಿಮ್ಮ ಮೆಸೇಜು ನೋಡಿದೆ. ಬಚ್ಚಲ ಹಿಂದೆ, ಮಣ್ಣಿನ ದರೆ ಪಕ್ಕದಲ್ಲಿ, ಗುಡ್ಡದ ಝರಿಯಿಂದ ಬರುವ ಅಬ್ಬಿ ನೀರಿನ ಪೈಪು ಮತ್ತೆ ಒಡೆದಿದೆ, ಈ ತಿಂಗಳಲ್ಲಿ ಮೂರನೇ ಸಲ, ಎಂಸೀಲ್ ಹಾಕಿದರೂ ನಿಲ್ಲಲಿಲ್ಲ ಅಂದಿದ್ದೀರಿ. ಮೊದಲು ಗುಡ್ಡಕ್ಕೆ ಯಾರನ್ನಾದರೂ ಕಳಿಸಿ, ಪೈಪಿನ ಬಾಯಿಯನ್ನು ನೀರಿನಿಂದ ಎತ್ತಿ ಇಡಿಸಿ. ಕತ್ತಲಾಗುವುದರೊಳಗೆ ಆಗಲಿ. ನೀರು ಹೋದರೆ ಹೋಗಲಿ, ಆ ದರೆ ನೆನೆಯುತ್ತಿದೆ ಅಲ್ವಾ, ನನಗೆ ಅದೇ ಭಯ. ಮಳೆಗೆ ಮಣ್ಣು ಮೊದಲೇ ನೀರು ಕುಡಿದು ಕೂತಿದೆ. ಕುಸಿದರೆ ಸೀದಾ ಬಚ್ಚಲ ಗೋಡೆಗೇ ಬರುತ್ತದೆ. ದರೆಯ ಮೇಲೆ ಬಿರುಕು ಕಂಡರೆ, ಬುಡದಲ್ಲಿ ರಾಡಿ ನೀರು ಒಸರುತ್ತಿದ್ದರೆ, ಇವತ್ತು ಆ ಕಡೆ ಕೋಣೆಯಲ್ಲಿ ಯಾರೂ ಮಲಗಬೇಡಿ.

ಕಪ್ಪು ಪೈಪಿಗೆ ಎಂಸೀಲ್ ಆಗಲಿ, ಬೇರೆ ಗಮ್ಮಾಗಲಿ ಹಿಡಿಯುವುದಿಲ್ಲ. ಸುಮ್ನೆ ಮೆತ್ತುವುದು ಬೇಡ. ಸೀಳಿದಷ್ಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ ತೆಗೆಯಬೇಕು. ಎರಡೂ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಆಗ ಜಾಯಿಂಟರ್ ತೂರಿಸಿ ಎರಡು ಕಡೆ ಕ್ಲಿಪ್ಪು ಬಿಗಿಯಬೇಕು. ಬೆಂಕಿಗೆ ಹಿಡಿಯಬೇಡಿ, ಸುಟ್ಟು ತೆಳುವಾಗುತ್ತದೆ.

ಇಷ್ಟೇ ಮಾಡಿ ಬಿಟ್ಟರೆ ಮತ್ತೆ ಒಡೆಯುತ್ತದೆ, ಚಿಕ್ಕಮ್ಮ. ಯುಗಾದಿಗೆ ಬಂದಾಗ ಚಿಕ್ಕಪ್ಪ ಟ್ಯಾಂಕಿಗೆ ಹೊಸ ಫ್ಲೋಟ್ ವಾಲ್ವ್ ಹಾಕಿಸಿದ್ದರಲ್ಲ, ಎಲ್ಲ ಅದರಿಂದಲೇ ಅಂತ ನನಗೆ ಅನಿಸುತ್ತದೆ. ಬೇಸಿಗೆಯಲ್ಲಿ ಅಬ್ಬಿ ಸಣ್ಣಗಿತ್ತು, ಟ್ಯಾಂಕು ತುಂಬುತ್ತಲೇ ಇರಲಿಲ್ಲ. ಈಗ ರಾತ್ರಿ ಟ್ಯಾಂಕು ತುಂಬುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ, ಗುಡ್ಡದಿಂದ ಇಳಿದ ಅಷ್ಟೂ ನೀರು ಪೈಪಿನಲ್ಲೇ ನಿಲ್ಲುತ್ತದೆ. 10 ಮೀಟರು ಎತ್ತರಕ್ಕೆ ಸುಮಾರು 1 ಕೆಜಿ ಪ್ರೆಶರು. ಅಬ್ಬಿ ನಿಮ್ಮ ಅಂಗಳಕ್ಕಿಂತ 60 ಮೀಟರಾದರೂ ಮೇಲಿದೆ, ಅಂದರೆ 6 ಕೆಜಿ. ನಿಮ್ಮದು 4 ಕೆಜಿ ಪ್ರೆಶರು ತಡೆಯುವ ಪೈಪು ಅಂತ ನನ್ನ ನೆನಪು. ನೀರು ಹರಿಯುತ್ತಿದ್ದರೆ ಇಷ್ಟು ಪ್ರೆಶರು ಬೀಳುವುದಿಲ್ಲ, ನಿಂತಾಗಲೇ ತೊಂದರೆ. ನೀವು ಮೂರು ಸಲವೂ ಬೆಳಿಗ್ಗೆ ಎದ್ದಾಗಲೇ ಒಡೆದದ್ದು ಕಂಡಿರಿ, ಅಲ್ವಾ? ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು ಬರುತ್ತಿತ್ತು. ಹೆಚ್ಚಾದದ್ದು ಚೆಲ್ಲಿಹೋಗುತ್ತಿತ್ತು, ಒಡೆಯುವ ಮಾತೇ ಇರಲಿಲ್ಲ.

ಚಿಕ್ಕಪ್ಪನಿಗೆ ಹೇಳಿ ಆ ವಾಲ್ವ್ ತೆಗೆಸಿ. ಟ್ಯಾಂಕು ತುಂಬಿ ಬಂದ ನೀರನ್ನು ಮೊದಲಿನ ಹಾಗೆ ತೋಟದ ಕಾಲುವೆಗೆ ಬಿಡಿ, ದರೆಯ ಕಡೆ ಮಾತ್ರ ಬೇಡ. ಪೈಪಿನ ಮೇಲೆ ಎಷ್ಟು ಕೆಜಿ, ಎಷ್ಟು ಇಂಚು ಅಂತ ಬರೆದಿರುತ್ತದೆ, ಫೋಟೋ ತೆಗೆದು ಇಲ್ಲೇ ಹಾಕಿ. ನಾಳೆ ತೀರ್ಥಹಳ್ಳಿ ಪೇಟೆಗೆ ಹೋಗುವುದಿದೆ, ಜಾಯಿಂಟರ್, ಕ್ಲಿಪ್ಪು ತೆಗೆದುಕೊಂಡು ಮಧ್ಯಾಹ್ನದೊಳಗೆ ನಾನೇ ಬರುತ್ತೇನೆ.