ಅಪ್ಪನಿಗೊಂದು ಚೆಂದದ ಟೇಬಲ್ ರೇಡಿಯೋ ಬೇಕು, ದನಿಯೂ ಚೆನ್ನಾಗಿರಬೇಕು: ಬಳಸಿದವರು ಹೇಳಿ

ಮೈಸೂರಿನಿಂದ, ಪ್ರಶ್ನೆ

ನಮಸ್ಕಾರ. ಬರುವ ತಿಂಗಳು ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ಮಗಳಾಗಿ ಅವರಿಗೊಂದು ರೇಡಿಯೋ ಕೊಡಿಸುವ ಆಸೆ. ಮನೆಯಲ್ಲಿದ್ದ ಟ್ರಾನ್ಸಿಸ್ಟರ್ ಕೆಟ್ಟು ಎರಡು ವರ್ಷವಾಯಿತು. ಮೊಬೈಲಿನಲ್ಲಿ ಆಕಾಶವಾಣಿ ಹಾಕಿಕೊಟ್ಟರೆ ಐದು ನಿಮಿಷ ಕೇಳಿ ಪಕ್ಕಕ್ಕಿಡುತ್ತಾರೆ. ಮರದ ಪೆಟ್ಟಿಗೆಯದ್ದು, ಹಾಲ್‌ನಲ್ಲಿಟ್ಟರೆ ಲಕ್ಷಣವಾಗಿ ಕಾಣುವಂಥದ್ದು ಬೇಕು. ಆದರೆ ಬರೀ ಷೋಪೀಸ್ ಆಗಬಾರದು. ಅವರು ಕೇಳುವುದು ವಾರ್ತೆ, ಸಂಗೀತ ಕಚೇರಿ, ಹಳೆಯ ಚಿತ್ರಗೀತೆ. ಎರಡು ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಸಿಗುತ್ತವೆ, ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಹೇಗೆ ಆರಿಸುವುದು?

ಬೆಂಗಳೂರಿನಿಂದ

ಮೇಡಂ, ನಾನು ಹನ್ನೆರಡು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನು. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ವಾಟ್ ಲೆಕ್ಕ ಮರೆತುಬಿಡಿ. ಡಬ್ಬದ ಮೇಲೆ ದೊಡ್ಡದಾಗಿ ನೂರಾರು ವಾಟ್ ಬರೆದು ಪಕ್ಕದಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕ) ಅಂತ ಇದ್ದರೆ ಆ ಸಂಖ್ಯೆಯಿಂದ ನಿಮಗೇನೂ ತಿಳಿಯುವುದಿಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಶಕ್ತಿ, ಎಷ್ಟು ಅಂತ ಕೇಳಿ. ಹಾಲ್‌ನಲ್ಲಿ ಕೂತು ಕೇಳುವುದಕ್ಕೆ ನಿಜವಾದ ಐದು ವಾಟ್ ಧಾರಾಳವಾಯಿತು.

ಎರಡನೆಯದು, ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿ. ಸ್ಪೀಕರ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಸೇರಿದರೆ ಕೆಳಗಿನ ಸ್ವರಗಳು ಅಲ್ಲೇ ಅಳಿಸಿಹೋಗುತ್ತವೆ. ಅದನ್ನು ತಡೆಯುವುದೇ ಪೆಟ್ಟಿಗೆಯ ಕೆಲಸ. ಪೆಟ್ಟಿಗೆ ತೆಳ್ಳಗಿದ್ದರೆ ಅದೂ ಸ್ಪೀಕರ್ ಜೊತೆ ನಡುಗಿ ತನ್ನದೊಂದು ರಾಗ ಸೇರಿಸುತ್ತದೆ. ಬೆರಳ ಗೆಣ್ಣಿನಿಂದ ಮೇಲ್ಭಾಗಕ್ಕೆ ಕುಟ್ಟಿ. 'ಟಕ್' ಅಂತ ಗಟ್ಟಿಯಾಗಿ ನಿಂತರೆ ಒಳ್ಳೆಯದು, 'ಡಬಡಬ' ಅಂದರೆ ಬಿಡಿ. ಈಗ 'ರೆಟ್ರೋ' ಅಂತ ಮಾರುವ ಎಷ್ಟೋ ಸೆಟ್‌ಗಳಲ್ಲಿ ತೆಳು ಪ್ಲಾಸ್ಟಿಕ್ ಮೇಲೆ ಮರದ ಚಿತ್ರದ ಸ್ಟಿಕರ್ ಅಂಟಿಸಿರುತ್ತಾರೆ. ಆದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ವಿನಿಯರ್, ಅಂದರೆ ನಿಜವಾದ ಮರದ ತೆಳು ಹಾಳೆ, ಹಾಕಿದ್ದರೆ ಅದನ್ನು ಮೋಸ ಅಂದುಕೊಳ್ಳಬೇಡಿ. ಎಂಡಿಎಫ್ ದಟ್ಟವಾಗಿರುತ್ತದೆ, ದನಿಗೆ ಒಳ್ಳೆಯದೇ.

ಮೂರನೆಯದು ಮುಖ್ಯ. ಅಂಗಡಿಯವರು ಡೆಮೋಗೆ ಪೆನ್‌ಡ್ರೈವ್ ಹಾಕಿ ಢಂಢಂ ಅನ್ನುವ ಹಾಡು ಹಚ್ಚುತ್ತಾರೆ. ಅದರಲ್ಲಿ ಎಲ್ಲಾ ರೇಡಿಯೋವೂ ಚೆನ್ನಾಗಿಯೇ ಕೇಳಿಸುತ್ತದೆ. ಅದನ್ನು ನಿಲ್ಲಿಸಿ ಎಫ್‌ಎಂಗೆ ಹಾಕಿ ಅನ್ನಿ. ನಿಮ್ಮೂರ ಆಕಾಶವಾಣಿ 100.6ರಲ್ಲಿದೆ, ಯಾರಾದರೂ ಮಾತಾಡುತ್ತಿರುವಾಗ ಕೇಳಿ. ಮನುಷ್ಯರ ಮಾತಿಗಿಂತ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ, ಯಾಕೆಂದರೆ ಅದು ಹೇಗಿರಬೇಕು ಅಂತ ನಮ್ಮ ಕಿವಿಗೆ ಹುಟ್ಟಿದಾಗಿನಿಂದ ಗೊತ್ತು. 'ಸ', 'ಶ' ಬಂದಾಗ ಕಿವಿಗೆ ಚುಚ್ಚಿದರೆ ಟ್ರೆಬಲ್ (ಮೇಲಿನ ಸ್ವರ) ಒರಟು. 'ಬ', 'ಮ' ಬಂದಾಗ ಮಡಕೆಯೊಳಗಿಂದ ಮಾತಾಡಿದಂತಿದ್ದರೆ ಪೆಟ್ಟಿಗೆ ಸರಿಯಿಲ್ಲ. ಆಮೇಲೆ ವಾಲ್ಯೂಮನ್ನು ಪಿಸುಮಾತಿನಷ್ಟಕ್ಕೆ ಇಳಿಸಿ. ಆಗಲೂ ಪ್ರತಿ ಶಬ್ದ ಬಿಡಿಬಿಡಿಯಾಗಿ ಸಿಗಬೇಕು. ಬೆಳಗಿನ ಜಾವ ಉಳಿದವರು ಮಲಗಿರುವಾಗ ಅಪ್ಪ ಕೇಳುವುದು ಆ ಮಟ್ಟದಲ್ಲೇ ತಾನೇ? ಕೊನೆಗೆ ಮುಕ್ಕಾಲು ಭಾಗ ಏರಿಸಿ ಪೆಟ್ಟಿಗೆಯ ಮೇಲೆ ಅಂಗೈ ಇಡಿ. ಕಚೇರಿ ಸಿಕ್ಕರೆ ಇನ್ನೂ ಒಳ್ಳೆಯದು, ಮೃದಂಗದ ಎಡಗಡೆಯ ಪೆಟ್ಟು ಗುಂಡಗೆ ಬರುತ್ತದಾ, ಬರೀ 'ದಬ್' ಅನ್ನುತ್ತದಾ ನೋಡಿ.

ಒಂದಡಿ ಅಗಲದ ಪೆಟ್ಟಿಗೆಯಲ್ಲಿ ಎರಡು ಸ್ಪೀಕರ್ ಇವೆ, ಸ್ಟೀರಿಯೋ ಅಂದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಎಂಟಡಿ ದೂರದಲ್ಲಿ ಕೂತವರಿಗೆ ಎಡ-ಬಲ ತಿಳಿಯುವುದೇ ಇಲ್ಲ. ಎರಡು ಸಣ್ಣ ಅಗ್ಗದ ಸ್ಪೀಕರಿಗಿಂತ ಒಂದು ಒಳ್ಳೆಯ ಸ್ಪೀಕರ್ ಮೇಲು. ಈ ಮಾತಿಗೆ ಸಾಕ್ಷಿ ಬೇಕಿದ್ದರೆ ಅಮೆರಿಕದ ಟಿವೋಲಿ ಮಾಡೆಲ್ ಒನ್ ನೋಡಿ. ಹೆನ್ರಿ ಕ್ಲಾಸ್ ಅನ್ನುವ ಹೆಸರಾಂತ ಎಂಜಿನಿಯರ್ ವಿನ್ಯಾಸ ಮಾಡಿದ್ದು, 2000ನೇ ಇಸವಿಯಲ್ಲಿ ಬಂತು. ಮರದ ಪೆಟ್ಟಿಗೆ, ಒಂದೇ ಒಂದು ಮೂರಿಂಚಿನ ಸ್ಪೀಕರ್, ಮುಂದೊಂದು ದೊಡ್ಡ ಟ್ಯೂನಿಂಗ್ ಚಕ್ರ. ಸ್ನೇಹಿತರ ಮನೆಯಲ್ಲಿ ಒಂದು ಸಂಜೆ ಕೇಳಿದ್ದೇನೆ. ಚಕ್ರದೊಳಗೆ ಗಿಯರ್ ಇರುವುದರಿಂದ ಸುಮಾರು ಐದು ಸುತ್ತು ತಿರುಗಿಸಿದರೆ ಮುಳ್ಳು ಒಂದು ಸುತ್ತು ಬರುತ್ತದೆ, ಸ್ಟೇಷನ್ ಬೆಣ್ಣೆಯಲ್ಲಿ ಕೂತ ಹಾಗೆ ಕೂರುತ್ತದೆ. ಬೆಲೆ ಜಾಸ್ತಿ, ನಿಜ. ಅದೇ ದಾರಿಯಲ್ಲಿ ತೈವಾನಿನ ಸ್ಯಾಂಜಿಯನ್ ಕಂಪನಿಯ ಮರದ ಪೆಟ್ಟಿಗೆಯ ಡಬ್ಲ್ಯುಆರ್-11 ಕೂಡ ಇದೆ. ಇವೆರಡರಲ್ಲೂ ಎಎಂ (ಮೀಡಿಯಂ ವೇವ್), ಎಫ್‌ಎಂ ಎರಡೂ ಇವೆ.

ಎಎಂ ಬಗ್ಗೆ ಕೇಳಿಯೇ ಕೊಳ್ಳಿ. ಈಗಿನ ಬ್ಲೂಟೂತ್ ರೆಟ್ರೋ ಸೆಟ್‌ಗಳಲ್ಲಿ ಎಷ್ಟೋ ಸಲ ಬರೀ ಎಫ್‌ಎಂ ಇರುತ್ತದೆ. ಅಪ್ಪನಿಗೆ ಬೆಂಗಳೂರು ಆಕಾಶವಾಣಿಯ 612 ಕೇಳುವ ಅಭ್ಯಾಸವಿದ್ದರೆ ಮೀಡಿಯಂ ವೇವ್ ಬೇಕೇ ಬೇಕು. 'ಆಕಾಶವಾಣಿ' ಅನ್ನುವ ಹೆಸರಿನ ಕೇಂದ್ರ 1935ರಲ್ಲಿ ಶುರುವಾದದ್ದೇ ನಿಮ್ಮ ಮೈಸೂರಿನಲ್ಲಿ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ. ಆ ಊರಿನ ಮನೆಗೆ ಬರುವ ರೇಡಿಯೋ ಅರ್ಧಂಬರ್ಧ ಇರಬಾರದು ಅಂತ ನನ್ನ ಆಸೆ.

ನ್ಯೂಜೆರ್ಸಿಯಿಂದ

ಮೇಲಿನವರು ಹೇಳಿದ ಟಿವೋಲಿ ತರಹದ್ದನ್ನು ವಿದೇಶದಿಂದ ಯಾರ ಕೈಲಾದರೂ ತರಿಸುವ ಯೋಚನೆ ಇದ್ದರೆ ನನ್ನ ಅನುಭವ ಕೇಳಿ. ತುಮಕೂರಿನಲ್ಲಿರುವ ಅಮ್ಮನಿಗೆ ಇಲ್ಲಿಂದ ಒಂದು ಮರದ ರೇಡಿಯೋ ತಂದೆ. ಇಲ್ಲಿನ ಕರೆಂಟ್ 120 ವೋಲ್ಟ್, ಅಲ್ಲಿ 230. ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಸಾಕು ಅಂದುಕೊಂಡಿದ್ದೆ. ಸ್ವಿಚ್ ಹಾಕಿದ್ದೇ ತಡ ಒಳಗಿಂದ ಸುಟ್ಟ ವಾಸನೆ ಬಂತು. ಅಮ್ಮ "ಇರಲಿ ಬಿಡು, ನೋಡೋಕೆ ಚೆನ್ನಾಗಿದೆ" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ. ರೇಡಿಯೋ ಹಿಂದೆ 220-240 ವೋಲ್ಟ್ ಅಂತ ಬರೆದಿದ್ದರೆ ಮಾತ್ರ ತರಿಸಿ.

ಇನ್ನೂ ಮೂರು ವಿಷಯ. ಅಮೆರಿಕದ ಎಎಂ ಸ್ಟೇಷನ್‌ಗಳು ಹತ್ತು ಹತ್ತು ಕಿಲೋಹರ್ಟ್ಸ್ ಅಂತರದಲ್ಲಿರುತ್ತವೆ, ಭಾರತದಲ್ಲಿ ಒಂಬತ್ತು. ಇಲ್ಲಿನ ಡಿಜಿಟಲ್ ಟ್ಯೂನರ್ 610ರಿಂದ 620ಕ್ಕೆ ಹಾರುತ್ತದೆ, ನಡುವಿನ 612 ಸರಿಯಾಗಿ ಸಿಗುವುದಿಲ್ಲ. ಮುಳ್ಳು ತಿರುಗಿಸುವ ರೇಡಿಯೋಗೆ ಈ ತೊಂದರೆ ಇಲ್ಲ. ಜಪಾನಿನಿಂದಂತೂ ತರಿಸಲೇಬೇಡಿ. ಅಲ್ಲಿನ ಎಫ್‌ಎಂ ಪಟ್ಟಿ 76ರಿಂದ 95ರವರೆಗೆ, ಅಲ್ಲಿಗಷ್ಟೇ ಮಾಡಿದ ಸೆಟ್‌ನಲ್ಲಿ ನಿಮ್ಮ 100.6 ಇರುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಡಿಎಬಿ (ಡಿಜಿಟಲ್ ರೇಡಿಯೋ ಪ್ರಸಾರ) ಅಂತ ಬರೆದ ಸುಂದರವಾದ ರೇಡಿಯೋಗಳು ಸಿಗುತ್ತವೆ. ಡಿಎಬಿ ಪ್ರಸಾರ ನಮ್ಮಲ್ಲಿಲ್ಲ, ಎಫ್‌ಎಂ ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಧಾರವಾಡದಿಂದ

ಅಕ್ಕಾರ, ನಮ್ಮ ಮನ್ಯಾಗ ಅಜ್ಜಾರ ಕಾಲದ ವಾಲ್ವ್ ರೇಡಿಯೋ ಐತಿ, ಟ್ರಾನ್ಸಿಸ್ಟರಿಗಿಂತ ಮೊದಲಿಂದು, ಒಳಗ ಬಲ್ಬಿನಂಥಾ ಗಾಜಿನ ವಾಲ್ವ್ ಇರತಾವು. ಮುಂದ ಬಟ್ಟಿ, ಮೂಲ್ಯಾಗ ಹಸರ ಕಣ್ಣು. ಹಚ್ಚಿದ ಕೂಡಲೇ ಮಾತಾಡಂಗಿಲ್ಲ, ವಾಲ್ವ್ ಕಾಯಾಕ ಅರ್ಧ ನಿಮಿಷ ಬೇಕು. ಆಮ್ಯಾಲೆ ಕಣ್ಣು ಹಸರಗ ಬೆಳಗತೈತಿ, ಸ್ಟೇಷನ್ ಬರೋಬ್ಬರಿ ಕುಂತ್ರ ನಡುವಿನ ಕತ್ತಲಿ ಸಣ್ಣದಾಕ್ಕೈತಿ. ಎಂಟ ಇಂಚಿನ ಸ್ಪೀಕರ್. ಹಿಂದೂಸ್ತಾನಿ ಗಾಯನ ಹತ್ತಿದ್ರ ತಂಬೂರಿ ನಮ್ಮ ಪಡಸಾಲ್ಯಾಗ ಇಟ್ಟಾರೇನೋ ಅನಸ್ತೈತಿ. ಇಂಥಾ ದನಿ ಈಗಿನ ಸಣ್ಣ ಪೆಟ್ಟಿಗ್ಯಾಗ ನಾ ಕೇಳಿಲ್ಲ.

ಖರೇ ಹೇಳತೇನಿ, ಆದ್ರೂ ನಿಮ್ಮ ತಂದಿಯವ್ರಿಗೆ ಅದನ್ನ ಕೊಡಸಬ್ಯಾಡ್ರಿ. ಅದರಾಗ ಎಫ್‌ಎಂ ಇಲ್ಲ. ನಮ್ಮ ದೇಶದಾಗ ಎಫ್‌ಎಂ ಚಾಲೂ ಆಗಿದ್ದ 1977ರಾಗ, ಮದ್ರಾಸಿನ್ಯಾಗ. ಅದಕ್ಕೂ ಮೊದಲಿನ ಪೆಟ್ಟಿಗ್ಯಾಗ ಎಲ್ಲಿಂದ ಬರಬೇಕ್ರಿ? ನಮಗ ಧಾರವಾಡದ 765 ಹತ್ರ ಇತ್ತು, ಅದಕ್ಕ ನಡೀತು. ಮತ್ತ ಸುಧಾರಸೋ ಮಂದಿನೂ ಈಗ ಸಿಗೂದು ಕಷ್ಟ. ಒಂದೇ ಒಂದು ಕಪಾಸಿಟರ್ ಸಲುವಾಗಿ ನಾವು ನಾಕು ತಿಂಗಳು ಅಡ್ಡಾಡೇವಿ. ಹಿಂದ ಗ್ರಾಮಫೋನ್ ಜೋಡಸೋ ಪಿನ್ ಇರತಾವು, ಅಲ್ಲೇ ಮೊಬೈಲ್ ಜೋಡಿಸಿ ಹಾಡ ಕೇಳಬಹುದು ಅಂತಾರ ಕೆಲವರು.

ಬೆಂಗಳೂರಿನಿಂದ, ಮತ್ತೆ ಮೊದಲಿನವರು

ಧಾರವಾಡದವರು ಕೊನೆಯಲ್ಲಿ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಎಸಿ/ಡಿಸಿ ಎರಡಕ್ಕೂ ನಡೆಯುವಂತೆ ಮಾಡಿದ ಹಳೇ ವಾಲ್ವ್ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ಚೌಕಟ್ಟಿಗೇ (ಚಾಸಿ) ಕರೆಂಟ್ ಹರಿಯಬಹುದು. ಅಂಥದ್ದಕ್ಕೆ ಮೊಬೈಲ್ ಜೋಡಿಸಿ ಕೈಯಲ್ಲಿ ಹಿಡಿದರೆ ಜೀವಕ್ಕೇ ಅಪಾಯ. ತಿಳಿದವರು ಹಿಂದಿನ ರಟ್ಟಿನ ಮುಚ್ಚಳ ತೆಗೆದು ನೋಡುವವರೆಗೂ ಸಂತೆಯಲ್ಲಿ ಕೊಂಡ ಹಳೇ ಸೆಟ್‌ಗೆ ಪ್ಲಗ್ ಕೂಡ ಹಾಕಬೇಡಿ.

ಪುತ್ತೂರಿನಿಂದ

ದನಿಯ ವಿಷಯ ಎಲ್ಲರೂ ಹೇಳಿದ್ದಾರೆ, ನಾನು ಬೆರಳಿನ ವಿಷಯ ಹೇಳುತ್ತೇನೆ. ನನ್ನ ಅಮ್ಮನಿಗೆ ಗಂಟು ನೋವು. ಮೊದಲು ತಂದ ರೇಡಿಯೋದಲ್ಲಿ ಎಲ್ಲವೂ ಸಣ್ಣ ಸಣ್ಣ ಬಟನ್. ಒಂದೇ ಬಟನ್ ಒಮ್ಮೆ ಒತ್ತಿದರೆ ಎಫ್‌ಎಂ, ಹಿಡಿದರೆ ಬ್ಲೂಟೂತ್. ಸ್ವಿಚ್ ಹಾಕಿದಾಗಲೆಲ್ಲ ದೊಡ್ಡ ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು, ಅಮ್ಮ ಬೆಚ್ಚಿ ಬೀಳುತ್ತಿದ್ದರು. ಕರೆಂಟು ಹೋಗಿ ಬಂದರೆ ಹಾಕಿಟ್ಟ ಸ್ಟೇಷನ್ ಮರೆತುಹೋಗುತ್ತಿತ್ತು. ನಮ್ಮ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಈಗ ಇರುವುದು ಸಾಮಾನ್ಯ ಬೆಲೆಯದ್ದೇ. ಎರಡು ದಪ್ಪ ತಿರುಗಣೆ, ಬ್ಯಾಂಡಿಗೊಂದು ಸ್ವಿಚ್, ಕರೆಂಟಿನಲ್ಲೂ ಬ್ಯಾಟರಿಯಲ್ಲೂ ನಡೆಯುತ್ತದೆ. ಮಂಗಳೂರು ಆಕಾಶವಾಣಿ ಬರುವ 100.3ರ ಹತ್ತಿರ ಡಯಲ್ ಗಾಜಿನ ಮೇಲೆ ಕೆಂಪು ನೈಲ್ ಪಾಲಿಶಿನ ಒಂದು ಚುಕ್ಕೆ ಇಟ್ಟಿದ್ದೇನೆ. ಕನ್ನಡಕ ಹಾಕದೆ ಅಮ್ಮ ಮುಳ್ಳನ್ನು ಅಲ್ಲಿಗೆ ತರುತ್ತಾರೆ. ಸಾರೆಗಾಮಾದವರ ಕ್ಯಾರವಾನ್ ಕೂಡ ನೋಡಿದ್ದೆವು, 2017ರಲ್ಲಿ ಬಂದದ್ದು, ಹಳೆಯ ಹಾಡುಗಳು ಒಳಗೇ ತುಂಬಿರುತ್ತವೆ. ಹಾಡಿನ ಆಸೆ ಹೆಚ್ಚಿದ್ದವರಿಗೆ ಒಳ್ಳೆಯದು. ಅಮ್ಮನಿಗೆ ಮಾತ್ರ ಮುಂದೇನು ಬರುತ್ತದೆ ಎಂದು ಗೊತ್ತಿಲ್ಲದ ರೇಡಿಯೋವೇ ಇಷ್ಟ.

ಮೈಸೂರಿನಿಂದ, ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಪ್ಪನನ್ನೇ ಕರೆದುಕೊಂಡು ಹೋಗಿ ನಾಲ್ಕು ಅಂಗಡಿ ಸುತ್ತಿದೆ. ಫೋಟೋದಲ್ಲಿ ನನಗೆ ತುಂಬಾ ಹಿಡಿಸಿದ್ದ ಸೆಟ್ ಎತ್ತಿದರೆ ಹಗುರ, ಕುಟ್ಟಿದರೆ ಡಬ್ಬ. ಅದರಲ್ಲಿ ಮಾತು ಹಾಕಿಸಿದಾಗ ಅಪ್ಪನೇ "ಇವರಿಗೆ ನೆಗಡಿಯಾ?" ಅಂದರು. ಕೊನೆಗೆ ಒಂದೇ ಸ್ಪೀಕರಿನ, ವಿನಿಯರ್ ಹೊದಿಸಿದ ಪೆಟ್ಟಿಗೆ ತಗೊಂಡೆವು. ಎಎಂ ಇದೆ, ತಿರುಗಣೆ ಇದೆ. ಬಜೆಟ್ಟಿಗಿಂತ ಸ್ವಲ್ಪ ಜಾಸ್ತಿಯಾಯಿತು. ಇವತ್ತು ಬೆಳಗ್ಗೆ ಸಂಸ್ಕೃತ ವಾರ್ತೆಗೇ ಎದ್ದು ಕೂತಿದ್ದರು.

ಒಂದೇ ತೊಂದರೆ. 100.6 ಗಾಜಿನಂತೆ ಬರುತ್ತದೆ, 612ರಲ್ಲಿ ಮಾತ್ರ ದನಿಯ ಹಿಂದೆ 'ಗುರ್ರ್' ಅನ್ನುವ ಶಬ್ದ ಬಿಡುತ್ತಿಲ್ಲ. ರೇಡಿಯೋ ಕೆಟ್ಟದ್ದು ಬಂತಾ?

ಬೆಂಗಳೂರಿನಿಂದ

ರೇಡಿಯೋ ಸರಿಯಾಗಿಯೇ ಇದೆ ಮೇಡಂ. ಪಕ್ಕದಲ್ಲಿ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್, ವೈಫೈ ಡಬ್ಬ ಏನಿದೆ ನೋಡಿ. ಒಂದೊಂದಾಗಿ ಪ್ಲಗ್ ಕೀಳುತ್ತಾ ಬನ್ನಿ, ಯಾವುದೋ ಒಂದನ್ನು ಕಿತ್ತಾಗ ಗುರ್ರ್ ನಿಲ್ಲುತ್ತದೆ. ಆಮೇಲೂ ಸ್ವಲ್ಪ ಉಳಿದರೆ ಪೆಟ್ಟಿಗೆಯನ್ನೇ ನಿಧಾನಕ್ಕೆ ತಿರುಗಿಸಿ. ಮೀಡಿಯಂ ವೇವ್‌ಗೆ ಏರಿಯಲ್ ಅಂದರೆ ಒಳಗಿರುವ ಫೆರೈಟ್ ಕಡ್ಡಿ, ಅದಕ್ಕೆ ದಿಕ್ಕು ಮುಖ್ಯ, ಮೇಲಿನ ಉದ್ದ ಕಡ್ಡಿ ಎಳೆದು ಪ್ರಯೋಜನವಿಲ್ಲ. ಕಾಂಕ್ರೀಟ್ ಗೋಡೆಯಿಂದ ಸರಿಸಿ ಕಿಟಕಿಯ ಹತ್ತಿರ ಇಡಿ. ಕಬ್ಬಿಣದ ಬೀರುವಿನ ಮೇಲೆ ಮಾತ್ರ ಬೇಡ, ದನಿಯೂ ಗಡಗಡ ಅನ್ನುತ್ತದೆ.