ಪಿಡಿಒ ಹತ್ತಿರ ಹೋಗಬೇಕಾ, ತಹಶೀಲ್ದಾರ್ ಹತ್ತಿರ ಹೋಗಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನೀವು ಪಂಚಾಯಿತಿ ಕಾರ್ಯದರ್ಶಿಯಾಗಿ ಸೇರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತರಾದವರು ಅಂತ ಗುಂಪಿನಲ್ಲಿ ಯಾರೋ ಬರೆದಿದ್ದರು. ಅದಕ್ಕೇ ಕೇಳುತ್ತಿದ್ದೇನೆ. ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಹಳೇ ಮನೆ ಇದೆ. ಅದಕ್ಕೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಮಾಡಿಸಬೇಕು. ಪಂಚಾಯಿತಿಗೆ ಹೋದರೆ ತಾಲ್ಲೂಕು ಕಚೇರಿಗೆ ಹೋಗಿ ಅಂತಾರೆ. ಅಲ್ಲಿ ಹೋದರೆ ಮನೆ ವಿಷಯ ಪಂಚಾಯಿತಿದು ಅಂತಾರೆ. ಅಪ್ಪನಿಗೆ ಓಡಾಡಿ ಸಾಕಾಗಿದೆ. ತಹಶೀಲ್ದಾರ್‌ಗೆ ದೂರು ಕೊಟ್ಟರೆ ಅವರು ಪಿಡಿಒಗೆ ಹೇಳಿ ಮಾಡಿಸ್ತಾರಾ?

ಉತ್ತರ: ಇಲ್ಲ ತಮ್ಮಾ. ತಹಶೀಲ್ದಾರ್ ಪಿಡಿಒಗೆ ಮೇಲಧಿಕಾರಿ ಅಲ್ಲ. ಮುಕ್ಕಾಲು ಪಾಲು ಜನ ಇಲ್ಲೇ ದಾರಿ ತಪ್ಪುವುದು.

ಹಳ್ಳಿಯಲ್ಲಿ ಸರ್ಕಾರ ಒಂದೇ ಸಾಲಿನಲ್ಲಿ ನಿಂತಿಲ್ಲ. ಎರಡು ಸಾಲು ಅಕ್ಕಪಕ್ಕ ಇವೆ. ಒಂದು ಕಂದಾಯ ಇಲಾಖೆಯದು. ವಿಎ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ. ಅವರ ಮೇಲೆ ಹೋಬಳಿಗೆ ಆರ್‌ಐ (ಕಂದಾಯ ನಿರೀಕ್ಷಕ), ನಾಡಕಚೇರಿಯ ಉಪ ತಹಶೀಲ್ದಾರ್. ಆಮೇಲೆ ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ). ಇದು ರಾಜರ ಕಾಲದಿಂದ ಬಂದ ಸಾಲು. ಆಗ ಶಾನುಭೋಗ, ಶೇಕ್ದಾರ, ಅಮಲ್ದಾರ ಅಂತ ಕರೆಯುತ್ತಿದ್ದರು. ಕೆಲಸ ಮುಖ್ಯವಾಗಿ ಜಮೀನಿನದು. ಪಹಣಿ, ಮ್ಯುಟೇಷನ್, ಸರ್ವೆ, ಭೂ ಪರಿವರ್ತನೆ, ಬೆಳೆ ನಷ್ಟದ ಲೆಕ್ಕ, ಪಿಂಚಣಿ, ಜಾತಿ-ಆದಾಯ ಪ್ರಮಾಣ ಪತ್ರ. ಇಲ್ಲಿ ನೀವು ಓಟು ಹಾಕಿ ಆರಿಸಿದವರು ಯಾರೂ ಇಲ್ಲ.

ಇನ್ನೊಂದು ಪಂಚಾಯಿತಿ ಸಾಲು. ಪಿಡಿಒ ಮೇಲೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಅವರ ಮೇಲೆ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ಮೂರು ಕಡೆಯೂ ಚುನಾಯಿತ ಸದಸ್ಯರು ಇರಬೇಕು, ಅಧ್ಯಕ್ಷರು ಇರಬೇಕು. ಇದಕ್ಕೆ ಆಧಾರ 1993ರ ಪಂಚಾಯತ್ ರಾಜ್ ಕಾಯ್ದೆ. ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಮನೆ ಕಂದಾಯ, ಮನೆ ಕಟ್ಟಲು ಪರವಾನಗಿ ಎಲ್ಲ ಈ ಸಾಲಿನಲ್ಲಿ ಬರುತ್ತವೆ.

ಈಗ ನಿಮ್ಮ ಮನೆ ವಿಷಯ. ಸಿಟ್ಟು ಬರಬಹುದು, ಆದರೆ ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ಸತ್ಯ ಇದೆ. ಗ್ರಾಮಠಾಣಾ, ಅಂದರೆ ಊರಿನ ವಾಸಕ್ಕೆಂದು ಗುರುತಿಸಿದ ಜಾಗದ ಒಳಗಿನ ಮನೆಯ ದಾಖಲೆ ಇಡುವುದು, ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೊಡುವುದು ಪಂಚಾಯಿತಿ. ಆದರೆ ಆ ಜಾಗ ನಿಜವಾಗಿ ಗ್ರಾಮಠಾಣಾ ಒಳಗೇ ಇದೆಯಾ, ಪಕ್ಕದ ಸರ್ವೆ ನಂಬರಿಗೆ ಸೇರಿದೆಯಾ ಎಂದು ಹೇಳಬೇಕಾದವರು ಕಂದಾಯ ಇಲಾಖೆಯವರು. ಹಳೇ ಊರುಗಳಲ್ಲಿ ಗ್ರಾಮಠಾಣಾ ಗಡಿ ತುಂಬ ಹಿಂದೆ ಗುರುತಿಸಿದ್ದು. ಊರು ಅದನ್ನು ದಾಟಿ ಬೆಳೆದಿದೆ. ಗಡಿ ಆಚೆ, ಭೂ ಪರಿವರ್ತನೆ ಆಗದ ಜಾಗದಲ್ಲಿ ಕಟ್ಟಿದ ಮನೆಗೆ 9 ಮತ್ತು 11ಎ ಬರುವುದಿಲ್ಲ. ಅಂಥವಕ್ಕೆ 11ಬಿ ಎಂಬ ಬೇರೆ ನಮೂನೆ.

ಹಾಗಾಗಿ ಅಪ್ಪ ಅರ್ಜಿ ಕೊಡಬೇಕಾದ್ದು ಪಂಚಾಯಿತಿಗೇ. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜೊತೆಗೆ ಹಳೇ ಕಂದಾಯ ರಸೀದಿ, ಕ್ರಯಪತ್ರವೋ ವಿಭಾಗಪತ್ರವೋ ಇದ್ದರೆ ಅದರ ನಕಲು, ಚೆಕ್ಕುಬಂದಿ ವಿವರ ಇರಲಿ. ಅಳತೆ ನಕ್ಷೆ ಬೇಕು ಅಂದರೆ ಸರ್ವೆಗೆ ಯಾರು ಕಳಿಸಬೇಕು, ಯಾವ ಕಾಗದ ಸಾಲದು ಎಂದು ಹಿಂಬರಹ (ಲಿಖಿತ ಉತ್ತರ) ಕೇಳಿ. ಹಿಂಬರಹ ಕೊಡದೆ "ನಾಳೆ ಬನ್ನಿ" ಅಂದರೆ ಮುಂದಿನ ಅರ್ಜಿ ಇಒಗೆ. ಡಿಸಿ ಕಚೇರಿಯಲ್ಲಿ ಕೊಟ್ಟರೂ ಅದು ಸಿಇಒ, ಇಒ ಅಂತ ಸುತ್ತಿ ಅದೇ ಟೇಬಲ್ಲಿಗೆ ಬರುತ್ತದೆ, ಸುಮ್ನೆ ಒಂದು ತಿಂಗಳು ಹೋಗುತ್ತದೆ.

ಇನ್ನೊಂದು ಮಾತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್‌ನಿಂದ ಅಳತೆ ಮಾಡಿದ್ದಾರೆ. ನಿಮ್ಮ ಊರಿನಲ್ಲಿ ಆಗಿದೆಯಾ ಕೇಳಿ. ಆಗಿದ್ದರೆ ಕೆಲಸ ಹಗುರ.

ಪ್ರಶ್ನೆ: ಹಾಗಾದರೆ ಪಂಚಾಯಿತಿಗೂ ಡಿಸಿಗೂ ಸಂಬಂಧವೇ ಇಲ್ವಾ ಸರ್? ನಮ್ಮೂರ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದಾಗ ಎಸಿ ಸಾಹೇಬರೇ ಬಂದು ಸಭೆ ನಡೆಸಿದ್ದರು.

ಉತ್ತರ: ಒಳ್ಳೇ ಪ್ರಶ್ನೆ. ದಿನನಿತ್ಯದ ಆಡಳಿತದಲ್ಲಿ ಇಲ್ಲ. ಚುನಾವಣೆಗೆ ಸಂಬಂಧಿಸಿದ ಕೆಲಸದಲ್ಲಿ ಇದೆ. ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು, ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಹಂಚುವುದು ಡಿಸಿ. ಅವಿಶ್ವಾಸದ ಸಭೆ ಕರೆಯುವುದು ಎಸಿ. ಅಧ್ಯಕ್ಷರ ವಿರುದ್ಧದ ಸಭೆಯನ್ನು ಪಂಚಾಯಿತಿಯ ನೌಕರರ ಕೈಗೇ ಕೊಟ್ಟರೆ ಏನಾಗುತ್ತೆ ನೀವೇ ಯೋಚಿಸಿ. ಹೊರಗಿನವರು ಬೇಕು. ಮಿಕ್ಕಂತೆ ಬರ, ನೆರೆ, ಗಲಾಟೆ, ನಿಷೇಧಾಜ್ಞೆ, ಇವೆಲ್ಲ ಡಿಸಿಯದು. ಬರ ಬಂದಾಗ ಟ್ಯಾಂಕರ್ ಬಿಡಲು ಎರಡೂ ಸಾಲಿನವರು ಒಂದೇ ಮೀಟಿಂಗಿನಲ್ಲಿ ಕೂರುತ್ತಾರೆ. ಬೇರೆ ಸಮಯದಲ್ಲಿ ಅಷ್ಟಾಗಿ ಕೂರುವುದಿಲ್ಲ.

ಪ್ರಶ್ನೆ: ಸರ್, ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಗೆದ್ದಿದ್ದೆ. ನಮ್ಮ ಕಾಲೊನಿ ಸಮುದಾಯ ಭವನದ ಚಾವಣಿ ರಿಪೇರಿ ಕೇಳಿದಾಗಲೆಲ್ಲ "ದುಡ್ಡಿದೆ, ಆದರೆ ಅದಕ್ಕೆ ಬರಲ್ಲ" ಅಂತಿದ್ದರು. ಇದು ನಿಜಾನಾ, ಇಲ್ಲ ಹೆಂಗಸು ಅಂತ ಸಾಗಹಾಕಿದ್ದಾ?

ಉತ್ತರ: ಅಕ್ಕಾ, ಎರಡೂ ಇರಬಹುದು. ಅಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಹಣದ ಲೆಕ್ಕ ಮಾತ್ರ ಹೇಳಬಲ್ಲೆ.

ಪಂಚಾಯಿತಿ ಕೈಗೆ ಬರುವ ಹಣದ ಮೇಲೆಲ್ಲ ಚೀಟಿ ಅಂಟಿಸಿರುತ್ತಾರೆ. 2021-22ರಿಂದ 2025-26ರವರೆಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು, ಅರ್ಧ ಇದಕ್ಕೆ, ಅರ್ಧ ಅದಕ್ಕೆ. ಉಳಿದ ಶೇ 40 ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಬಿಟ್ಟು. ರಾಜ್ಯದ ಶಾಸನಬದ್ಧ ಅನುದಾನ ಬಹುಪಾಲು ನೌಕರರ ವೇತನಕ್ಕೆ, ನೀರಿನ ಪಂಪು ಮತ್ತು ಬೀದಿ ದೀಪದ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಉದ್ಯೋಗ ಖಾತರಿ ಹಣಕ್ಕೆ ಅದರದೇ ಕಾಮಗಾರಿ ಪಟ್ಟಿ. ಹೀಗಾಗಿ "ದುಡ್ಡಿದೆ, ಅದಕ್ಕೆ ಬರಲ್ಲ" ಅನ್ನೋ ಮಾತು ಸುಳ್ಳಾಗಿರಲೇಬೇಕು ಅಂತಿಲ್ಲ.

ಆದರೆ ಚೀಟಿ ಇಲ್ಲದ ದುಡ್ಡು ಒಂದಿದೆ: ಪಂಚಾಯಿತಿಯ ಸ್ವಂತ ವಸೂಲಿ. ಮನೆ ಕಂದಾಯ, ಅಂಗಡಿ ಲೈಸೆನ್ಸ್, ಸಂತೆ ಸುಂಕ, ಮಳಿಗೆ ಬಾಡಿಗೆ. ಚಾವಣಿಗೆ ಅದರಿಂದ ಕೇಳಬಹುದಿತ್ತು. ಆದರೆ ಸದಸ್ಯರೇ ಕಂದಾಯ ಪರಿಷ್ಕರಣೆಗೆ ಒಪ್ಪುವುದಿಲ್ಲ. "ಓಟು ಹೋಗುತ್ತೆ" ಅಂತಾರೆ. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೆ ಹೋದರೆ "ಮುಂದಿನ ತಿಂಗಳು ಬಾ" ಅಂತಾರೆ ಜನ. ನನ್ನ ಅನುಭವದಲ್ಲಿ, ವಸೂಲಿ ಚೆನ್ನಾಗಿದ್ದ ಪಂಚಾಯಿತಿಯ ಅಧ್ಯಕ್ಷರಿಗೆ ತಾಲ್ಲೂಕಿನಲ್ಲಿ ಇದ್ದ ಧೈರ್ಯವೇ ಬೇರೆ.

ಸಾಗಹಾಕುವ ವಿಷಯಕ್ಕೆ ಬಂದರೆ: ಯಾವ ಕೆಲಸ ಮೊದಲು ಅನ್ನೋದನ್ನು ಪಿಡಿಒ ತೀರ್ಮಾನಿಸುವಂತಿಲ್ಲ. ಅದನ್ನು ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಪಟ್ಟಿ ಮಾಡಿ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬೇಕು. ಪಿಡಿಒ ಆ ಠರಾವನ್ನು ಜಾರಿ ಮಾಡುವವರು. ಹಣ ಬಿಡುಗಡೆಗೆ ಅಧ್ಯಕ್ಷರದು, ಪಿಡಿಒದು ಇಬ್ಬರದೂ ಸಹಿ ಬೇಕು. ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗಿತ್ತಾ? ಬಾಯಿ ಮಾತಿನ ಬೇಡಿಕೆಯನ್ನು ಮರೆಯುವುದು ಬಹಳ ಸುಲಭ. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಆದರೂ ಎಷ್ಟೋ ಕಡೆ ನಡಾವಳಿಯಲ್ಲಿ ಗಂಡಂದಿರ ಮಾತೇ ಜಾಸ್ತಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಸದಸ್ಯೆ: ದಾಖಲಾಗಿರಲಿಲ್ಲ ಸರ್. ಗ್ರಾಮ ಸಭೆಗೆ ಜನ ಬರಲ್ಲ ಅಂತ ರಿಜಿಸ್ಟರ್ ಮನೆಗೆ ಕಳಿಸಿ ಸಹಿ ಹಾಕಿಸುತ್ತಿದ್ದರು.

ಉತ್ತರ: ಅದು ತಪ್ಪು ಅಕ್ಕಾ. ಆರು ತಿಂಗಳಿಗೆ ಒಂದಾದರೂ ಗ್ರಾಮ ಸಭೆ ಆಗಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಮನೆಯಲ್ಲಿ ಕೂತು ಹಾಕಿದ ಸಹಿ ಕೋರಂ ಅಲ್ಲ. ಇಒಗೆ ಲಿಖಿತವಾಗಿ ತಿಳಿಸಬಹುದಿತ್ತು. ಮುಂದೆಯೂ ತಿಳಿಸಬಹುದು, ಅದಕ್ಕೆ ಸದಸ್ಯೆ ಆಗಿರಲೇಬೇಕು ಅಂತಿಲ್ಲ, ಮತದಾರರಾಗಿದ್ದರೆ ಸಾಕು.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯರೇ ಇಲ್ಲವಲ್ಲ ಸರ್. ನಿಜ ಹೇಳಿ, ನಜೀರ್ ಸಾಬರ ಕಾಲಕ್ಕೇ ಎಲ್ಲ ಮುಗೀತು, ಅಲ್ವಾ?

ಉತ್ತರ: ಮುಗೀತು ಅನ್ನುವುದು ಜಾಸ್ತಿ ಆಯ್ತು. ಆದರೆ ನಿಮ್ಮ ಬೇಸರ ನನಗೂ ಇದೆ.

ಕೊನೆಯ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಸಂವಿಧಾನದ 243ಇ ವಿಧಿ ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ. ನಮ್ಮಲ್ಲಿ 2021ರಲ್ಲಿ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಪಟ್ಟಿ, ಕೋರ್ಟು, ವಾಯಿದೆ, ಮತ್ತೆ ವಾಯಿದೆ. ಸದಸ್ಯರ ಕುರ್ಚಿ ಖಾಲಿಯಾಗಿ ಆಡಳಿತಾಧಿಕಾರಿಗಳು ಬಂದರು. ಇದಕ್ಕೆ ಒಂದೇ ಪಕ್ಷವನ್ನು ಬೈದರೆ ನ್ಯಾಯ ಅಲ್ಲ. ಅಧಿಕಾರದಲ್ಲಿದ್ದ ಯಾರಿಗೂ ಅವಸರ ಇರಲಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಶಾಸಕರಿಗೆ ಮುಂದಿನ ಚುನಾವಣೆಯ ಎದುರಾಳಿ. ಅವನು ಬೇಗ ಬರಲಿ ಅಂತ ಯಾರು ಕಾಯ್ತಾರೆ ಹೇಳಿ?

ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ ಮಾತು ಎತ್ತಿದ್ದಕ್ಕೆ ಹೇಳುತ್ತೇನೆ. 1983ರ ಕಾಯ್ದೆ ಪ್ರಕಾರ 1987ರಲ್ಲಿ ಚುನಾವಣೆ ಆಗಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಹಿರಿಯ ಅಧಿಕಾರಿ. ಆ ಒಂದು ಏರ್ಪಾಟಿನಿಂದಲೇ ಜಿಲ್ಲೆಯಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಬಗೆಹರಿದಿತ್ತು. ಹೆಂಗಸರಿಗೆ ಶೇ 25 ಮೀಸಲಾತಿ ಆಗಲೇ ಇತ್ತು, ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲು. ದೇಶವೆಲ್ಲ ಕರ್ನಾಟಕವನ್ನು ನೋಡಿ ಕಲಿಯುತ್ತಿತ್ತು. 1993ರ ನಂತರ ಸಂವಿಧಾನದ ರಕ್ಷಣೆ ಸಿಕ್ಕಿತು, ಗ್ರಾಮ ಪಂಚಾಯಿತಿ ಗಟ್ಟಿಯಾಯಿತು. ಆದರೆ ಜಿಲ್ಲೆಯ ಮಟ್ಟದ ಆ ತೂಕ ಮತ್ತೆ ಬರಲಿಲ್ಲ. ಇವತ್ತು ಇಲಾಖೆಗಳ ಕೆಲಸ ಪರಿಶೀಲಿಸುವ ಜಿಲ್ಲಾ ಕೆಡಿಪಿ ಸಭೆಯಲ್ಲಿ ನಡುವಿನ ಕುರ್ಚಿ ಉಸ್ತುವಾರಿ ಸಚಿವರದು.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆಗಿದೆ. ಏನು ಬದಲಾಗುತ್ತೆ?

ಉತ್ತರ: ಸಾಲೇ ಬದಲಾಗುತ್ತದೆ. ನೀವು 1964ರ ಪುರಸಭೆ ಕಾಯ್ದೆಯ ಕೆಳಗೆ ಬರುತ್ತೀರಿ. ಪಿಡಿಒ ಬದಲು ಮುಖ್ಯಾಧಿಕಾರಿ. ಇಒ, ಸಿಇಒ ನಿಮಗೆ ಇನ್ನು ಸಂಬಂಧ ಇಲ್ಲ. ತಮಾಷೆ ನೋಡಿ, ಹಳ್ಳಿಯಲ್ಲಿ ಡಿಸಿಗೆ ದೂರು ಕೊಡಬೇಡಿ ಅಂದೆ, ಪಟ್ಟಣದಲ್ಲಿ ಅವರೇ ಸರಿಯಾದ ವಿಳಾಸ. ಜಿಲ್ಲಾ ನಗರಾಭಿವೃದ್ಧಿ ಕೋಶ ಅವರ ಕೈಕೆಳಗೇ ಇದೆ. ಉದ್ಯೋಗ ಖಾತರಿ ಕೆಲಸ ನಿಲ್ಲುತ್ತದೆ. ಕೂಲಿ ನಂಬಿದವರಿಗೆ ಇದು ದೊಡ್ಡ ಪೆಟ್ಟು. ಮೇಲ್ದರ್ಜೆ ಅಂತ ಪಟಾಕಿ ಹೊಡೆಯುವ ಮುಂಚೆ ಅವರನ್ನೂ ಒಂದು ಮಾತು ಕೇಳಬೇಕು. ಜನಸಂಖ್ಯೆ 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ.

ಪ್ರಶ್ನೆ: ಬೆಂಗಳೂರಲ್ಲಿ ಬಿಬಿಎಂಪಿ ಹೋಯ್ತಲ್ಲ, ಈಗ ಯಾರು?

ಉತ್ತರ: ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಎಲ್ಲದರ ಮೇಲೆ ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು. ನಿಮ್ಮ ಖಾತೆ, ತೆರಿಗೆ ಆಯಾ ಪಾಲಿಕೆಯಲ್ಲಿ. ನಾನು ಹಳ್ಳಿ ಮನುಷ್ಯ, ಇದಕ್ಕಿಂತ ಜಾಸ್ತಿ ಕೇಳಬೇಡಿ.

ಪ್ರಶ್ನೆ: ನಾವು ಕಾಸರಗೋಡಿನವರು. ನಮ್ಮಲ್ಲೂ ಗ್ರಾಮ ಪಂಚಾಯತ್ ಇದೆ. ಎರಡೂ ಒಂದೇನಾ?

ಉತ್ತರ: ಸಂವಿಧಾನ ಒಂದೇ, ಉಳಿದದ್ದು ಬೇರೆ. ಪಂಚಾಯಿತಿ ವಿಷಯವನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿದೆ. ಕೇರಳದಲ್ಲಿ 941 ಗ್ರಾಮ ಪಂಚಾಯತ್, ನಮ್ಮಲ್ಲಿ 6,000ದ ಹತ್ತಿರ. ನಿಮ್ಮದು ದೊಡ್ಡ ಪಂಚಾಯತ್, ನೌಕರರೂ ಜಾಸ್ತಿ. ನಡುವಿನ ಹಂತ ನಿಮಗೆ ಬ್ಲಾಕ್, ನಮಗೆ ತಾಲ್ಲೂಕು. ನಿಮ್ಮಲ್ಲಿ ಗ್ರಾಮ ಪಂಚಾಯತ್‌ಗೂ ಪಕ್ಷದ ಚಿಹ್ನೆ ಮೇಲೆ ಚುನಾವಣೆ, ನಮ್ಮಲ್ಲಿ ಆ ಹಂತದಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಾಗಂತ ಪಕ್ಷ ಇಲ್ಲ ಅಂದುಕೊಳ್ಳಬೇಡಿ! ಮತ್ತೆ ನಿಮ್ಮಲ್ಲಿ 2015, 2020, 2025, ಐದೈದು ವರ್ಷಕ್ಕೆ ಮೂರೂ ಹಂತಕ್ಕೆ ಚುನಾವಣೆ ಆಗಿದೆ. ಇದೊಂದು ವಿಷಯದಲ್ಲಿ ನಿಮ್ಮನ್ನು ನೋಡಿದರೆ ಹೊಟ್ಟೆಕಿಚ್ಚು.

ಪ್ರಶ್ನೆ: ಕೊನೇ ಪ್ರಶ್ನೆ ಸರ್. ನಮ್ಮೂರಿಂದ ಮೇನ್ ರೋಡಿಗೆ ಹೋಗುವ ದಾರಿಯಲ್ಲಿ ಬರೀ ಗುಂಡಿ. ಪಿಡಿಒ ನಮ್ಮದಲ್ಲ ಅಂತಾರೆ.

ಉತ್ತರ: ಈ ಸಲ ಪಿಡಿಒ ಮಾತು ಸರಿ ಇರಬಹುದು. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿದು. ಊರಿಂದೂರಿಗೆ ಹೋಗುವ ಗ್ರಾಮೀಣ ರಸ್ತೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ರಸ್ತೆ ಬದಿಯ ಮೈಲಿಗಲ್ಲು ನೋಡಿ. ತಲೆ ಹಸಿರಿದ್ದರೆ ರಾಜ್ಯ ಹೆದ್ದಾರಿ, ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಕಲ್ಲೇ ಇಲ್ಲದಿದ್ದರೆ ರಸ್ತೆ ಶುರುವಾಗುವಲ್ಲಿ ಕಾಮಗಾರಿ ಬೋರ್ಡು ಹುಡುಕಿ. ಯಾವ ವಿಭಾಗ ಮಾಡಿಸಿದೆ, ನಿರ್ವಹಣೆ ಅವಧಿ ಯಾವಾಗ ಮುಗಿಯುತ್ತೆ ಅಂತ ಅದರಲ್ಲಿ ಇರುತ್ತದೆ. ಅವಧಿ ಇನ್ನೂ ಇದ್ದರೆ ಗುಂಡಿ ಮುಚ್ಚಬೇಕಾದ್ದು ಗುತ್ತಿಗೆದಾರ. ಬೋರ್ಡಿನ ಫೋಟೊ, ಗುಂಡಿಯ ಫೋಟೊ ಎರಡೂ ಹಾಕಿ ಆ ವಿಭಾಗದ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಕಚೇರಿಗೆ ಅರ್ಜಿ ಕೊಡಿ. ಸ್ವೀಕೃತಿ ಮರೆಯಬೇಡಿ.