ಅಡಿಕೆ ತೋಟ: ಹೋದ ವರ್ಷದ ಲೆಕ್ಕ ನೋಡಿ ಮುಂದಿನ ವರ್ಷದ ಕೆಲಸ ನಿಗದಿ ಮಾಡುವುದು ಹೇಗೆ?

ತೋಟದ_ದಾರಿ: ಶಿರಸಿ ಕಡೆ ಎರಡು ಎಕರೆ ತೋಟ. ಕೊಯ್ಲು ಮುಗಿದಿದೆ, ಇಳುವರಿ ಇಳಿದಿದೆ. ಪುಸ್ತಕದಲ್ಲಿರುವುದು ಒಟ್ಟು ಕ್ವಿಂಟಲ್, ಕೂಲಿ, ಗೊಬ್ಬರದ ಖರ್ಚು, ಔಷಧಿ ಹೊಡೆಸಿದ ತಾರೀಕು ಇಷ್ಟೇ. ಕೊಳೆಯಿಂದ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಹೋಯಿತೋ, ಗೊಬ್ಬರ ಸಾಲಲಿಲ್ಲವೋ ಹೇಗೆ ತಿಳಿಯುವುದು?

ಸೊಪ್ಪಿನಬೆಟ್ಟ: ಔಷಧಿ ತಾರೀಕು ಇದೆಯಲ್ಲ, ಅಲ್ಲಿಂದಲೇ ಶುರು ಮಾಡಿ. ಪಕ್ಕದಲ್ಲಿ ನಿಮ್ಮ ಪಂಚಾಯ್ತಿಯ ದಿನವಹಿ ಮಳೆ ಬರೆಯಿರಿ. ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು, ಎರಡನೆಯದು 40–45 ದಿನಕ್ಕೆ. ಆ ಅಂತರ 60 ದಿನಕ್ಕೆ ಹೋಗಿ, ಕೊನೆಯ ವಾರಗಳಲ್ಲಿ ಬಿಡದೆ ಮಳೆ ಹೊಡೆದಿದ್ದರೆ ಮೊದಲ ಅನುಮಾನ ಕೊಳೆಯ ಮೇಲೆಯೇ. ಹಾಗಿದ್ದರೆ ಈ ವರ್ಷ ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ. ಜುಲೈಗೆ ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಇಳಿಸುವ ಕೆಲಸಗಾರ) ಸಿಗುವಂತೆ ಈಗಲೇ ಮಾತಾಡಿಡಿ.

ತಾರೀಕು ಸರಿಯಿದ್ದೂ ಕೊಳೆ ಬಂದಿದ್ದರೆ ದ್ರಾವಣ ನೋಡಬೇಕು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಗಾಳಿ ತಾಗಿ ಹಳತಾದ ಸುಣ್ಣಕ್ಕೆ ಬಲವಿಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಹಾಕಿ, ಇಲ್ಲದಿದ್ದರೆ ಎಳೆಕಾಯಿ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ.

ಹಿಂಗಾರ_ನೋಡಿ: ಔಷಧಿ ಲೆಕ್ಕ ಸರಿ, ಆದರೆ ಎಲ್ಲ ನಷ್ಟವನ್ನೂ ಕೊಳೆಯ ತಲೆಗೆ ಕಟ್ಟಬೇಡಿ. ಮರಕ್ಕೆ ಎಷ್ಟು ಕೊನೆ (ಅಡಿಕೆ ಗೊನೆ) ಇಳಿದವು ಎಂದು ಕೊನೆಗೌಡರನ್ನು ಕೇಳಿ. ಕೊನೆಯೇ ಕಡಿಮೆ ಇದ್ದರೆ ದೋಷ ಬೇಸಿಗೆಯ ನೀರಿನದು ಅಥವಾ ಪೋಷಣೆಯದು. ಕೊನೆ ಇದ್ದೂ ಅದರಲ್ಲಿ ಕಾಯಿ ವಿರಳವಾಗಿದ್ದರೆ ಮಾತ್ರ ಉದುರಿದ ಪ್ರಶ್ನೆ. ಅದರಲ್ಲೂ ಏಪ್ರಿಲ್–ಮೇಯಲ್ಲಿ ಕಲೆಯಿಲ್ಲದೆ ಉದುರಿದ್ದು ಒಣಗಿನಿಂದ. ಸೂಜಿ ಚುಚ್ಚಿದಂಥ ಚುಕ್ಕೆ ಕಾಯಿಯ ರಸ ಹೀರುವ ತಿಗಣೆಯದು. ಮಳೆಗಾಲದಲ್ಲಿ ತೊಟ್ಟಿನ ಬಳಿ ನೀರುಂಡ ಕಡುಹಸಿರು ಕಲೆ ಕೊಳೆಯದು.

ಗೊಬ್ಬರದ ರಸೀದಿ ತೆಗೆದು ಮರದ ಸಂಖ್ಯೆಯಿಂದ ಭಾಗಿಸಿ. ವರ್ಷಕ್ಕೆ ಮರಕ್ಕೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 230 ಗ್ರಾಂ ಪೊಟ್ಯಾಷ್, ಜೊತೆಗೆ ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ ತಲಾ 12 ಕೆಜಿಯಂತೆ ಬೇಕು. ಕೈ ಬಿಗಿಯಾದಾಗ ಜನ ಮೊದಲು ಬಿಡುವುದು ಪೊಟ್ಯಾಷನ್ನೇ, ಅಡಿಕೆಗೆ ಹೆಚ್ಚು ಬೇಕಾದದ್ದೂ ಅದೇ. ಡ್ರಿಪ್ ಇದ್ದರೆ ಬೇಸಿಗೆಯಲ್ಲಿ ದಿನಕ್ಕೆ ಮರಕ್ಕೆ 16–20 ಲೀಟರ್ ನೀರು.

ತೋಟದ_ದಾರಿ: ಮೇಲಿನ ತೋಟ, ತಗ್ಗಿನ ತೋಟದ ಅಡಿಕೆ ಬೇರೆ ತೂಗಿಲ್ಲ. ಈಗೇನು ಮಾಡಬಹುದು?

ಸೊಪ್ಪಿನಬೆಟ್ಟ: ಹೋದದ್ದನ್ನು ಬೇರ್ಪಡಿಸಲಾಗದು. ಈಗ ಹಿಂಗಾರ (ಅಡಿಕೆಯ ಹೂಗೊಂಚಲು) ಒಡೆಯುವ ಹೊತ್ತು. ಎರಡೂ ಕಡೆ 20–20 ಮರಕ್ಕೆ ಬಣ್ಣ ಬಳಿದು, ಹಿಂಗಾರ ಎಣಿಸಿ ಬರೆದಿಡಿ. ಜೂನ್‌ನಿಂದ ವಾರಕ್ಕೊಮ್ಮೆ ಆ ಮರಗಳ ಬುಡದ ಉದುರುಕಾಯಿ ಎಣಿಸಿ ಆರಿಸಿ, ತೋಟದಾಚೆ ಸಾಗಿಸಿ. ಬಿಟ್ಟರೆ ರೋಗ ಅಲ್ಲಿಂದಲೇ ಹಬ್ಬುತ್ತದೆ. ತಗ್ಗಿನಲ್ಲಷ್ಟೇ ಹೆಚ್ಚು ಉದುರಿದರೆ ಮೊದಲು ಬಸಿಗಾಲುವೆಯ ಹೂಳು ತೆಗೆಸಿ. ಕೊಯ್ಲಿನಲ್ಲಿ ಎರಡೂ ಕಡೆಯ ಅಡಿಕೆಯನ್ನು ಸುಲಿಯುವ ಮೊದಲೇ ಬೇರೆ ತೂಗಿ.